ಹುಳದ ಮನೆಯ ಬಾಗಿದ ಪರದೆ

"ಮುಟ್ಟಬ್ಯಾಡ್ರಿ ಅಂದ್ರ ಮುಟ್ಟಬ್ಯಾಡ್ರಿ! ಕನ್ನಡದಾಗ ತಿಳಿಯಂಗಿಲ್ಲಂದ್ರ ತೆಲುಗಿನ್ಯಾಗ ಹೇಳ್ಲೇನು?"

ನನ್ನ ಗಂಟಲಿಗೆ ಇಬ್ಬರು ಕಾನ್‌ಸ್ಟೇಬಲ್‌ಗಳೂ ಕೈ ಹಿಂದಕ್ಕೆಳೆದುಕೊಂಡರು. ಎಸ್ಸೈ ಓಬುಲೇಶ್ ಮಾತ್ರ ಬಾಗಿಲಲ್ಲೇ ನಿಂತು, ಮೂಗಿಗೆ ಕರ್ಚೀಫು ಹಿಡಿದುಕೊಂಡು, "ರೇವತಮ್ಮಾ, ನೀನು ಡಿಪಾರ್ಟ್‌ಮೆಂಟ್ ಬಿಟ್ಟು ವರ್ಷಗಳಾದವು. ಇಲ್ಲಿ ಆರ್ಡರ್ ಮಾಡೋನು ನಾನು," ಎಂದರು.

"ಮಾಡ್ರಿ ಸಾರ್, ಯಾರು ಬ್ಯಾಡಂದ್ರು? ಮದಲು ಕಣ್ಣು ಬಿಟ್ಟು ನೋಡ್ರಿ, ಆಮ್ಯಾಲೆ ಆರ್ಡರ್ ಮಾಡ್ರಿ."

ಮಡಕಶಿರಾ ಕಡೆಯ ಗುಡಿಬಂಡೆ ಹತ್ತಿರದ ಕಾಟಮ್ಮನ ಹುಳದ ಮನೆ ಅದು. ಉದ್ದಕ್ಕೂ ಮೂರು ಅಂತಸ್ತಿನ ಅಟ್ಟಣಿಗೆ, ಅದರ ತುಂಬ ಹಿಪ್ಪುನೇರಳೆ ಕಡ್ಡಿ, ಕಡ್ಡಿಯ ಮೇಲೆಲ್ಲ ಬೆರಳು ಗಾತ್ರದ ರೇಷ್ಮೆ ಹುಳ. ಇವತ್ತೋ ನಾಳೆಯೋ ಹಣ್ಣಾಗಿ ಗೂಡು ಕಟ್ಟುವ ಹುಳ. ತೀರಾ ಕೆಳಗಿನ ಅಂತಸ್ತಿನಲ್ಲಿ, ಸೊಪ್ಪಿನ ಮರೆಯಲ್ಲಿ, ನೀಲಿ ಜೀನ್ಸ್ ಬಟ್ಟೆ ಸುತ್ತಿದ ಉದ್ದನೆಯ ಒಂದು ವಸ್ತು ಮಲಗಿತ್ತು. ಬಟ್ಟೆ ಸರಿಸಿದ್ದೇ ತಡ, ಎಸ್ಸೈ ಮುಖ ಹಬ್ಬದ ಹಾಗೆ ಅರಳಿತು.

ರಾಯದುರ್ಗದ ಗೋವರ್ಧನನ ಜೀನ್ಸ್ ಯೂನಿಟ್ಟಿನಿಂದ ಕಳುವಾದ ಬಾಗಿದ ಮಾನಿಟರ್!

ಊರಿನ ಯಾವ ಯೂನಿಟ್ಟಿನಲ್ಲೂ ಅಂಥದ್ದು ಇನ್ನೊಂದಿಲ್ಲ. ಬೆಂಚಿನಷ್ಟು ಅಗಲ, ಎರಡೂ ತುದಿ ಕೂತವರ ಕಡೆಗೆ ಬಾಗಿದ ಪರದೆ. ಒಂದು ಪ್ಯಾಂಟಿನ ಕಾಲು ಅಳತೆಗೆ ಅಳತೆ ಅದರಲ್ಲಿ ಅಡ್ಡ ಮಲಗುತ್ತಿತ್ತು. ಅಲ್ಲಿ ಡಿಸೈನ್ ಮಾಡುವ ಕಾಟಮ್ಮನ ಮಗಳು ಹೇಮಶ್ರೀ ಜಗಳ ಮಾಡಿ ತರಿಸಿಕೊಂಡಿದ್ದಳು. ಸಣ್ಣ ಪರದೆಯಲ್ಲಿ ಒಂದು ಜೇಬು ನೋಡಿದರೆ ಇನ್ನೊಂದು ಕಾಣಲ್ಲ, ಇಡೀ ಪ್ಯಾಂಟು ಒಟ್ಟಿಗೆ ಕಂಡರೇ ಹೊಲಿಗೆ ತಪ್ಪಲ್ಲ ಅಂತ ಅವಳ ವಾದ. ಊಟದ ಹೊತ್ತಿನಲ್ಲಿ ಹೊಲಿಗೆ ಹೆಂಗಸರು ಬಂದು ಅದರ ಮುಂದೆ ನಿಂತು ನೋಡಿಕೊಂಡು ಹೋಗುತ್ತಿದ್ದರಂತೆ.

ಹೋದ ಶುಕ್ರವಾರದಿಂದ ಆ ಹೇಮಶ್ರೀ ಇಲ್ಲ, ಈ ಮಾನಿಟರೂ ಇಲ್ಲ. ಗೋವರ್ಧನ ಕೊಟ್ಟ ಕಂಪ್ಲೇಂಟು ಒಂದೇ ಸಾಲಿನದು: ಕದ್ದುಕೊಂಡು ಓಡಿಹೋದಳು.

ನನಗೆ ಮೈ ಉರಿಯುವುದು ಇಲ್ಲೇ. ಒಬ್ಬ ಹುಡುಗಿ ಕಾಣದಿದ್ದರೆ ಊರಿಗೆಲ್ಲ ಒಂದೇ ಮಾತು, ಓಡಿಹೋದಳು. ಏನಾಯ್ತೋ, ಉಂಡಳೋ ಇಲ್ಲವೋ, ಉಸಿರಾಡ್ತಾಳೋ ಇಲ್ಲವೋ, ಯಾರಿಗೂ ಬೇಡ. ಪರದೆ ಹುಡುಕಲು ಜೀಪು, ಹುಡುಗಿ ಹುಡುಕಲು ನಾನೊಬ್ಬಳು.

"ನೋಡ್ರಿ ಸಾರ್," ಅಂದೆ. "ಹೆಂಗ ಇಟ್ಟಾರ ನೋಡ್ರಿ ಇದನ್ನ."

"ಹೇಗಿಟ್ಟಿದ್ದಾರೆ? ಮುಚ್ಚಿಟ್ಟಿದ್ದಾರೆ."

"ಬೋರಲ ಇಟ್ಟಾರ."

ಮಾನಿಟರ್ ಮುಖ ಅಡಿಯಾಗಿ ಮಲಗಿತ್ತು. ಬಾಗಿದ ವಸ್ತು ಅಲ್ಲವೇ, ಎರಡು ತುದಿ ಮಾತ್ರ ಹಲಗೆಗೆ ತಾಗಿ, ನಡು ಭಾಗ ಸೇತುವೆಯ ಹಾಗೆ ಮೇಲಕ್ಕೆ ನಿಂತಿತ್ತು. ಆ ನಡುವಿನ ಬೆನ್ನ ಮೇಲೆ ಸೊಪ್ಪಿನ ಹೊರೆ ಹೇರಿದ್ದರು. ಭಾರಕ್ಕೆ ಪರದೆ ಒಂದು ಕಡೆ ಸೀಳಿತ್ತು.

"ಹೇಮಶ್ರೀ ಇದನ್ನ ಒರಸೋ ಬಟ್ಟೇನ ಬ್ಯಾರೆ ಇಟ್ಟಿದ್ಲು. ಬೇರೆಯವರ ಬೆರಳು ತಾಗಿದ್ರ ಬೈತಿದ್ಲು. ಅಂಥಾಕಿ ಹಿಂಗ ಬೋರಲ ಹಾಕಿ ಮ್ಯಾಲೆ ಹೊರಿ ಹೇರ್ತಾಳೇನು? ಬಟ್ಟಿ ಕತ್ತರಸೋರ ಕೈ ಇದು ಸಾರ್. ಜೀನ್ಸ್ ಬಟ್ಟಿ ಮುಖ ಅಡಿಗೆ ಹಾಸಿ, ಹಿಂದಲ ಮೈ ಮ್ಯಾಲೆ ಸೀಮಿಸುಣ್ಣದ ಗೀಟು ಹಾಕ್ತಾರ. ದಿನಾ ಅದೇ ಕೆಲಸ. ಏನು ಕೊಟ್ರೂ ಆ ಕೈ ಬೋರಲೇ ಇಡ್ತದ."

ಓಬುಲೇಶ್ ಬಾಗಿಲ ಚಿಲಕ ಅಲ್ಲಾಡಿಸಿ ನೋಡಿದರು. ಆಮೇಲೆ, "ಅದು ನಿನ್ನ ಊಹೆ. ಬೀಗ ಒಡೆದಿಲ್ಲ, ಬಾಗಿಲು ಮುರಿದಿಲ್ಲ. ಮನೆ ಮಗಳೇ ತಂದಿಟ್ಟಿದ್ದಾಳೆ," ಅಂದರು.

"ಬೀಗದ ಕೈ ಸೂರಿನ ಮೊಳಿಗೆ ನೇತಾಡ್ತೈತಿ. ಈ ಊರಾಗ ಎಲ್ಲರ ಮನಿ ಬೀಗದ ಕೈನೂ ಅಲ್ಲೇ ನೇತಾಡ್ತೈತಿ."

ನಾನು ಕುಕ್ಕರಗಾಲಲ್ಲಿ ಕೂತು ಅಟ್ಟಣಿಗೆಯ ಬುಡ ನೋಡಿದೆ. ಹುಳದ ಮನೆಯ ನೆಲಕ್ಕೆ ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣ ಹರಡುತ್ತಾರೆ, ಹುಳಕ್ಕೆ ರೋಗ ಬರಬಾರದು ಅಂತ. ಸೊಪ್ಪಿನ ನೀರಿಗೆ ಅದು ಒದ್ದೆಯಾಗಿ ಹಿಟ್ಟಿನ ಹಾಗಿತ್ತು. ಆ ಬಿಳಿ ಹಿಟ್ಟಿನಲ್ಲಿ ಎರಡು ಗುಳಿ, ಅಕ್ಕಪಕ್ಕ. ಮಂಡಿ ಊರಿದ ಗುರುತು. ಪಕ್ಕದಲ್ಲಿ ಅಗಲವಾದ ಒಂದು ಅಂಗೈ, ಐದು ಬೆರಳು. ಹೇಮಶ್ರೀಯ ಕೈ ಅದರಲ್ಲಿ ಅರ್ಧವೂ ತುಂಬದು.

ಆ ಗುಳಿಗಳ ಮೇಲಿನ ಅಂತಸ್ತಿನಲ್ಲಿ ಹುಳಗಳು ಕಪ್ಪಗಾಗಿ ಬಿದ್ದಿದ್ದವು. ಬೀಡಿ ಸೇದಿದ ಬಾಯಿ, ಸೆಂಟು ಹಾಕಿದ ಅಂಗಿ, ಊದುಬತ್ತಿ, ಯಾವುದೂ ಹುಳದ ಮನೆಗೆ ಆಗದು. ನೆರೆಮನೆಯವರು ಬಂದರೂ ಬಾಗಿಲಾಚೆ ನಿಂತು ಮಾತಾಡಿ ಹೋಗುತ್ತಾರೆ. ಇದೇ ಹುಳದ ನಡುವೆ ಹುಟ್ಟಿ ಬೆಳೆದ ಹುಡುಗಿ, ಯೂನಿಟ್ಟಿನ ಕೆಮಿಕಲ್ ವಾಸನೆ ಮೆತ್ತಿದ ವಸ್ತುವನ್ನು ಹಣ್ಣಾಗೋ ಹುಳದ ಪಕ್ಕ ಇಡುತ್ತಾಳಾ? ಅವ್ವನ ಅನ್ನಕ್ಕೆ ವಿಷ ಹಾಕಿದ ಹಾಗೆ ಅದು.

"ಕಾಟಮ್ಮಾ, ನೀನಾದ್ರೂ ಹೇಳವ್ವ ಸಾಹೇಬ್ರಿಗೆ!" ಅಂತ ತಿರುಗಿದೆ.

ಕಾಟಮ್ಮ ಬಾಗಿಲ ಹೊರಗೆ ಗೋಡೆಗೊರಗಿ ನಿಂತಿದ್ದಳು. ಹೋದ ಶನಿವಾರ ನನ್ನ ಮನೆಗೆ ಬಂದು, "ನನ್ನ ಮಗಳ್ನ ಹುಡುಕ್ಕೊಡು ತಾಯಿ, ಅವ್ಳು ಕದಿಯೋಳಲ್ಲ," ಅಂತ ಗೋಳಾಡಿದವಳು ಇವಳೇ. ಪಕ್ಕದಲ್ಲಿ ಗಂಡ ಮೂಡಲಗಿರಿಯಪ್ಪ, ಟವೆಲು ಬಾಯಿಗೆ ಒತ್ತಿಕೊಂಡು ಕೂತಿದ್ದ.

"ನನ್ನ ಮಗಳೇ ತಂದಿಟ್ಟಿದ್ದು," ಅಂದಳು ಕಾಟಮ್ಮ.

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ಏನಂದಿ?"

"ಅವ್ಳೇ ಕದ್ದವ್ಳೆ. ಬರ್ಕಳಿ ಸಾಮಿ. ಎಲ್ಲಿಗೆ ಬೇಕಾದ್ರೂ ಹೆಬ್ಬೆಟ್ಟು ಒತ್ತೀನಿ."

"ಕಾಟಮ್ಮಾ!"

"ಬುಟ್ಬುಡಮ್ಮ ರೇವತಮ್ಮ. ಸಾಕು. ನೀನು ನಿನ್ನೂರಿಗೆ ಹೋಗು."

ನನಗೆ ಸಿಟ್ಟು ನೆತ್ತಿಗೇರಿತು. ಹೋಗಿ ಅವಳ ಎರಡೂ ತೋಳು ಹಿಡಿದೆ. "ಹೆತ್ತ ಬಾಯಿಂದ ಇಂಥ ಮಾತು ಬರ್ತದೇನು? ಪೊಲೀಸ್ರು ಬಂದ್ರಂತ ಹೆದರಿ ಮಗಳನ್ನ ಕಳ್ಳಿ ಮಾಡ್ತೀಯಲ್ಲ, ನಿನಗೇನು ಹೊಟ್ಯಾಗ ಕಲ್ಲೈತೇನು? ನಾಳೆ ಆಕಿ ಬಂದು ಕೇಳಿದ್ರ ಏನಂತ ಮುಖ ತೋರಸ್ತಿ?"

ಅವಳು ನನ್ನ ಮುಖ ನೋಡಲಿಲ್ಲ. "ಬಂದು ಕೇಳ್ಲಿ ತಾಯಿ. ಬಂದು ಕೇಳಿದ್ರೆ ಅಷ್ಟೇ ಸಾಕು ನಂಗೆ," ಅಂದಳು.

ಪುಕ್ಕಲಿ ಅಂತ ಬೈದುಕೊಂಡು ನಾನು ಜೀಪು ಹತ್ತಿದೆ.

* * *

ಮಾನಿಟರನ್ನು ಹಿಂದಿನ ಸೀಟಿನಲ್ಲಿ ನೆಟ್ಟಗೆ ನಿಲ್ಲಿಸಿ, ನಾನು ಒಂದು ತುದಿ, ಕಾನ್‌ಸ್ಟೇಬಲ್ ಒಂದು ತುದಿ ಹಿಡಿದು ಕೂತೆವು. ಇಬ್ಬರಿಗೂ ಕೈ ಸೋತಿತು. ಕಲ್ಯಾಣದುರ್ಗ ದಾಟುವಾಗ ನಾನು ಮುಂದಿನ ಸೀಟಿಗೆ ಕೇಳುವ ಹಾಗೆ ಹೇಳಿದೆ.

"ಸಾರ್, ಹೇಮಶ್ರೀ ಇದನ್ನ ಒಬ್ಬಾಕಿನೇ ಹೊತ್ಕೊಂಡು, ರಾಯದುರ್ಗದಾಗ ಬಸ್ಸು ಹತ್ತಿ, ಇಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಮಡಕಶಿರಾದಾಗ ಆಟೋ ಹಿಡಿದು ಊರಿಗೆ ಹೋದ್ಲು. ಯಾವ ಕಂಡಕ್ಟರೂ ನೋಡ್ಲಿಲ್ಲ. ಹೌದಲ್ರಿ?"

ಓಬುಲೇಶ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಕೆಟ್ಟ ಮನುಷ್ಯ ಅಲ್ಲ ಅವರು. ಬೆಳಿಗ್ಗೆ ಯಾರೋ ಹೆಸರು ಹೇಳದೆ ಫೋನು ಮಾಡಿ 'ಗುಡಿಬಂಡೆ ಕಡೆ ಹುಳದ ಮನೆ ನೋಡಿ' ಅಂದರು, ಇವರು ಹೋದರು, ಮಾಲು ಸಿಕ್ಕಿತು. ಸಿಕ್ಕಿದ ಮೇಲೆ ಯಾಕೆ ಸಿಕ್ಕಿತು ಅಂತ ಕೇಳುವ ಅಭ್ಯಾಸ ಇಲ್ಲ, ಅಷ್ಟೇ.

"ಆ ಗುಳಿಗಳ ಫೋಟೋ ತೆಗೆದೆಯಾ?" ಅಂತ ಹಿಂದಕ್ಕೆ ತಿರುಗಿ ಕೇಳಿದರು.

"ತಗದೀನ್ರಿ."

"ಸರೇ. ಯೂನಿಟ್ಟಲ್ಲಿ ಓನರ್ ಗುರುತು ಹಿಡೀಲಿ. ಅಲ್ಲಿರೋರ ಫೋನ್ ಈಸ್ಕೊಂಡು ಕೂತು ಮಾತಾಡೋಣ. ಆದ್ರೆ ಕಿರುಚಬೇಡಮ್ಮಾ."

ಕಿರುಚಲ್ಲ ಅಂತ ನಾನು ಮಾತು ಕೊಡಲಿಲ್ಲ.

* * *

ಗೋವರ್ಧನನ ಯೂನಿಟ್ಟು ಬಳ್ಳಾರಿ ರಸ್ತೆಯಲ್ಲಿ. ಕೆಳಗೆ ಹೊಲಿಗೆ ಮಷೀನುಗಳ ಗದ್ದಲ, ಮೇಲೆ ಡಿಸೈನ್ ಕೋಣೆ. ಹೇಮಶ್ರೀಯ ಟೇಬಲ್ಲು ಖಾಲಿ ಇತ್ತು, ಕಂಪ್ಯೂಟರಿನ ಡಬ್ಬ ಮಾತ್ರ ಕೆಳಗೆ ಗುಂಯ್ ಅನ್ನುತ್ತಿತ್ತು. ಗೋಡೆಯಲ್ಲಿ ನೇಮಕಲ್ಲು ಆಂಜನೇಯನ ಫೋಟೋ, ಅದಕ್ಕೆ ತಾಜಾ ಹೂವು.

ಗೋವರ್ಧನ ನಾಲ್ವತ್ತರ ಆಸುಪಾಸಿನವನು. ಇಸ್ತ್ರಿ ಮುರಿಯದ ಬಿಳಿ ಅಂಗಿ, ತನ್ನದೇ ಯೂನಿಟ್ಟಿನ ಕಡು ನೀಲಿ ಪ್ಯಾಂಟು. ಮಾನಿಟರ್ ಕಂಡವನೇ ಅದನ್ನು ತಬ್ಬಿಕೊಳ್ಳಲು ಒಂದೇ ಬಾಕಿ.

"ನಂದೇ ಸಾರ್, ನಂದೇ! ಅಯ್ಯಯ್ಯೋ, ಸೀಳಿಬಿಟ್ಟಾಳಲ್ರಿ ಹಾಳಾದಾಕಿ! ಹಚ್ಚಿ ನೋಡ್ತೀನಿ ತಡೀರಿ."

ಟೇಬಲ್ಲಿನ ಮೇಲಿಟ್ಟು ಅವನೇ ವೈರು ಸಿಕ್ಕಿಸಿದ. ಪರದೆ ಬೆಳಗಿತು, ಆದರೆ ಎಡಗಡೆ ಅರ್ಧ ಮಾತ್ರ. ಬಲಗಡೆ ಅರ್ಧ ಕಪ್ಪಗೆ ಸತ್ತುಬಿದ್ದಿತ್ತು. ಅವನು ಮೇಲಂಚನ್ನು ಸವರಿ, ಅಲ್ಲಿ ಇಲ್ಲಿ ಒತ್ತಿ, ಲೊಚಗುಟ್ಟಿದ. "ಮುಗೀತು ಬಿಡ್ರಿ. ಇನ್ನ ರಿಪೇರಿ ಆಗಂಗಿಲ್ಲ."

"ಒಂದು ಹುಡುಗಿ ಕಾಣವಲ್ಲದು, ನೀವು ಪರದೆಗೆ ಅಳ್ತೀರಲ್ರಿ?" ಅಂದೆ.

"ನಂಬಿ ಕೆಲಸ ಕೊಟ್ಟಿದ್ದೆ ರೇವತಕ್ಕ. ಉಂಡ ಮನಿ ಗಳ ಹಿರಿದ್ಲು."

"ಗಳ ಹಿರಿಯಲಿಲ್ಲ. ಹೆಸರಾದ ಕಂಪನಿ ಲೇಬಲ್ಲು ನಕಲು ಮಾಡಿ ಕೊಡು ಅಂದಿದ್ರಿ, ಆಕಿ ಆಗಂಗಿಲ್ಲ ಅಂದ್ಲು. ಅವತ್ತು ಈ ಕೋಣ್ಯಾಗ ಜಗಳ ಆಗಿದ್ದು ಕೆಳಗಿನ ಹೆಂಗಸರಿಗೆಲ್ಲ ಕೇಳೈತಿ. ಆಕಿ ಬಾಯಿ ಬಿಟ್ರ ನಿಮ್ಮ ಯೂನಿಟ್ಟಿಗೆ ಬೀಗ. ಅದೇ ಆಕಿ ಕಳ್ಳಿ ಆದ್ಲು ಅನ್ರಿ, ಕಳ್ಳಿ ಮಾತು ಯಾರು ನಂಬ್ತಾರ?"

ಗೋವರ್ಧನ ನಕ್ಕ. "ಬಾಯಿ ಐತಂತ ಏನು ಬೇಕಾದ್ರೂ ಅನ್ನಬ್ಯಾಡ್ರಿ. ಸಾರ್, ಈ ಯಮ್ಮ ಯಾರು? ಯಾವ ಹಕ್ಕಿಲೇ ನಮ್ಮ ಯೂನಿಟ್ಟಿನ್ಯಾಗ ಬಂದು ಕೂಗ್ತಾಳ?"

"ಮೊದಲು ಫೋನು ಇಲ್ಲಿ ಇಡಿ," ಅಂದರು ಓಬುಲೇಶ್, ತಮ್ಮ ಫೋನನ್ನೂ ಟೇಬಲ್ಲಿನ ಮೇಲಿಡುತ್ತ. "ಗುರುತಿಗೆ ಇನ್ನೊಬ್ಬ ಸಾಕ್ಷಿ ಬೇಕು. ಯಾರನ್ನಾದ್ರೂ ಕರೀರಿ."

"ಗಿರೀಶ್!" ಅಂತ ಗೋವರ್ಧನ ಮೆಟ್ಟಿಲ ಕಡೆಗೆ ಕೂಗಿದ.

ಗಿರೀಶ್ ಕಟಿಂಗ್ ಮಾಸ್ಟರ್. ನಾನು ಹೇಮಶ್ರೀಯನ್ನು ಹುಡುಕಲು ಶುರು ಮಾಡಿದ ದಿನದಿಂದ ನನ್ನ ಹಿಂದೆ ಬಂದು, "ಅಕ್ಕ, ಏನಾದ್ರೂ ಗೊತ್ತಾತೇನ್ರಿ? ತಂಗಿ ಇದ್ದಂಗಿದ್ಲು," ಅಂತ ಕಣ್ಣೊರೆಸಿಕೊಂಡಿದ್ದ ಮನುಷ್ಯ. ಅವನು ಬಂದು, ಫೋನು ಓಬುಲೇಶರ ಮುಂದೆ ಇಟ್ಟು, ಮಾನಿಟರ್ ನೋಡಿ, "ಇದೇ ಸಾರ್," ಅಂದ.

ಕಾನ್‌ಸ್ಟೇಬಲ್‌ಗಳು ಕೆಳಗೆ ಜೀಪಿನ ಹತ್ತಿರವಿದ್ದರು. ನಾನು ಬಾಗಿಲು ಹಾಕಿ ಚಿಲಕ ಜಡಿದೆ. ಆ ಕೋಣೆಗೆ ಕಿಟಕಿ ಒಂದೇ, ಅದರ ಗಾಜಿಗೂ ಬಿಸಿಲಿಗೆಂದು ಬಣ್ಣ ಬಳಿದಿದ್ದರು. ತಿರುಗಿದಾಗ ನನ್ನ ಕಣ್ಣು ಗಿರೀಶನ ಕಾಲಿಗೆ ಬಿತ್ತು.

ನಾನು ಹುಟ್ಟಿ ಬೆಳೆದಿದ್ದು ರಾಯದುರ್ಗ. ಬೇರೆ ಊರಿನವರು ಮನುಷ್ಯರ ಮುಖ ನೋಡುತ್ತಾರೆ, ನಾವು ಪ್ಯಾಂಟು ನೋಡುತ್ತೇವೆ. ಗಿರೀಶನ ನೀಲಿ ಜೀನ್ಸಿನ ಎರಡೂ ಮಂಡಿ ಬೆಳ್ಳಗಾಗಿತ್ತು. ಎಡ ತೊಡೆಯ ಮೇಲೂ ಒಂದು ಬಿಳಿ ಮಚ್ಚೆ. ಜೀನ್ಸಿಗೆ ಬೇಕಂತಲೇ ಕೆಮಿಕಲ್ ಹಾಕಿ ಬಣ್ಣ ಇಳಿಸುವ 'ವಾಷು' ನಡೆಯುವ ಈ ಊರಲ್ಲಿ ಬಿಳಿ ಮಂಡಿಯ ಪ್ಯಾಂಟು ಹಾಕಿಕೊಂಡರೆ ಯಾರು ಎರಡನೇ ಸಲ ನೋಡುತ್ತಾರೆ? ಅದಕ್ಕೇ ಅವನು ಬದಲಾಯಿಸುವ ಗೋಜಿಗೂ ಹೋಗಿರಲಿಲ್ಲ.

ಕಿರುಚಬಾರದು ಅಂತ ಹಲ್ಲು ಕಚ್ಚಿದೆ.

"ಗೋವರ್ಧನಣ್ಣ," ಅಂದೆ, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ. "ಊರಾಗ ಒಂದು ಮಾತು ಕೇಳ್ದೆ. ಈಗೀಗ ನಿಮ್ಮ ಯೂನಿಟ್ಟಿನ ವಾಷು ಭಾಳ ಕೆಟ್ಟೈತಂತ."

ಅವನ ಕತ್ತು ಸೆಟೆಯಿತು. "ಯಾವನಂದವ?"

"ಯಾರಾದ್ರೂ ಯಾಕ ಅನಬೇಕ್ರಿ? ನಿಮ್ಮ ಮಾಸ್ಟರ್ ಕಾಲೇ ಹೇಳ್ತೈತಲ್ಲ. ಇಂಥ ಮಾಲು ಹೊರಗ ಬಿಡಾಕ ನಾಚಿಕಿ ಆಗಂಗಿಲ್ಲೇನ್ರಿ? ಮಂಡಿ ಎರಡೂ ಬಿಳಿಚಿಗೊಂಡಾವ, ತೊಡಿ ಮ್ಯಾಲೆ ಉಗುಳಿದಂಗ ಮಚ್ಚಿ. ನೇಮಕಲ್ಲಿನ ಕಲ್ಲು ಒಡೆಯೋ ಕೂಲಿಯವ್ರೂ ಹಾಕ್ಕೊಳ್ಳಂಗಿಲ್ಲ ಇದನ್ನ."

ಕಳ್ಳ ಅಂದರೂ ಕೊಲೆಗಾರ ಅಂದರೂ ಸಹಿಸಿಯಾನು ರಾಯದುರ್ಗದ ಜೀನ್ಸ್ ಮಾಲೀಕ, ವಾಷು ಕೆಟ್ಟದ್ದು ಅಂದರೆ ಸಹಿಸಲಾರ. ಗೋವರ್ಧನ ದಡಕ್ಕನೆ ಎದ್ದು, ಗಿರೀಶನ ಪ್ಯಾಂಟನ್ನು ಮಂಡಿಯ ಹತ್ತಿರ ಹಿಡಿದೆಳೆದು, ಬೆಳಕಿಗೆ ತಂದ.

"ಇದು ನಮ್ಮ ವಾಷಾ? ಇದು ನಮ್ಮ ವಾಷಾ? ಕಣ್ಣು ಕುರುಡೇನು ನಿಮಗ? ನಮ್ಮದು ತೊಡಿ ಮ್ಯಾಲಿಂದ ಹಂತ ಹಂತವಾಗಿ ಇಳೀತೈತಿ, ಅಂಚು ಕಾಣಂಗಿಲ್ಲ! ಇದು ಯಾವುದೋ ದರಿದ್ರ ಬ್ಲೀಚಿಂಗ್ ಪುಡಿ ಒದ್ದಿ ಇದ್ದಾಗ ಮಂಡಿ ಊರಿದ್ದು. ನೂಲು ಸುಟ್ಟೈತಿ ನೋಡ್ರಿ! ಹಿಂಗ ಸುಡಬೇಕಂದ್ರ ಸುಣ್ಣ ಬೆರೆತಿರಬೇಕು!"

ಹೇಳಿ ಮುಗಿಸಿದ ಮೇಲೆ ಅವನ ಬಾಯಿ ತೆರೆದಂತೆಯೇ ಉಳಿಯಿತು.

ಓಬುಲೇಶ್ ಕುರ್ಚಿಯಿಂದ ಎದ್ದರು.

"ಸುಣ್ಣ, ಬ್ಲೀಚಿಂಗ್ ಪುಡಿ," ಅಂದೆ ನಾನು. "ಬೆಳಿಗ್ಗೆ ನೋಡಿದ್ವಲ್ಲ ಸಾರ್? ಓನರೇ ಸರ್ಟಿಫಿಕೇಟ್ ಕೊಟ್ರು." ಫೋಟೋ ತೆಗೆದು ಗಿರೀಶನ ಮೂಗಿನ ಮುಂದೆ ಹಿಡಿದೆ. "ಈ ಅಂಗೈ ನಿಂದು. ಎದ್ದು ಇದೇ ಕೈ ತೊಡಿಗೆ ಒರಸಿದಿ. ಮಾನಿಟರ್ ಬೋರಲ ಹಾಕಿದ್ದೂ ನಿನ್ನ ಕೈಯೇ. ತಂಗಿ ಇದ್ದಂಗ ಅಂತ ನನ್ನ ಮುಂದ ಕಣ್ಣೀರು ಹಾಕಿದಿ ಅಲ್ಲೋ ಭಾಡಕೋವ್!"

ಆಗ ನಾನು ಕಿರುಚಿದೆ. ಕೆಳಗೆ ಮಷೀನುಗಳ ಸದ್ದು ಒಂದೊಂದಾಗಿ ನಿಂತಿತು. ಹೊಡೆಯಲು ಎತ್ತಿದ ಕೈಯನ್ನು ಓಬುಲೇಶ್ ತಡೆಯದಿದ್ದರೆ ಏನಾಗುತ್ತಿತ್ತೋ.

"ಆ ಹೆಂಗಸಿನ ಹುಳ ಕೊಂದಿ. ಆಕಿ ಮಗಳ ಹೆಸರು ಕೊಂದಿ. ಹೇಮಶ್ರೀನ ಏನು ಮಾಡಿದ್ರಿ? ಬೊಗಳು! ಎಲ್ಲಿಟ್ಟೀರಿ?"

ಗಿರೀಶ್ ಗೋವರ್ಧನನ ಕಡೆ ನೋಡಿದ. ಗೋವರ್ಧನ ಗೋಡೆ ನೋಡುತ್ತಿದ್ದ. ಗಿರೀಶ್ ಅಲ್ಲೇ, ಟೇಬಲ್ಲಿನ ಪಕ್ಕ, ನೆಲಕ್ಕೆ ಕುಸಿದು ತಲೆ ಹಿಡಿದುಕೊಂಡ.

"ನಾ ಏನೂ ಮಾಡಿಲ್ರಿ ಅಕ್ಕ. ವ್ಯಾನಿನ್ಯಾಗ ತಗೊಂಡು ಹೋಗಿ ಇಟ್ಟು ಬಾ ಅಂದ್ರು, ಇಟ್ಟು ಬಂದೆ. ಆಕಿ ಎಲ್ಲದಾಳೋ ನನ್ನಾಣಿ ಗೊತ್ತಿಲ್ರಿ."

"ಬೀಗದ ಕೈ ಕದ್ದು ಒಳಗ ನುಗ್ಗಿದ್ದೂ ಅವರೇ ಹೇಳಿಕೊಟ್ಟಿದ್ದೇನು?"

ಅವನು ತಲೆಯೆತ್ತಿದ. ಅವನ ಮುಖದಲ್ಲಿ ನಿಜವಾಗಿಯೂ ಆಶ್ಚರ್ಯ ಇತ್ತು.

"ಬೀಗದ ಕೈ ಯಾಕ ಕದೀಲ್ರಿ? ಬಾಗಿಲು ತಗದಿದ್ದೇ ಆಕಿ ಅವ್ವ. ಆ ಯಮ್ಮನೇ ಕೆಳಗಿನ ಅಟ್ಟ ತೋರಿಸಿದ್ಲು. ನಾ ಇಡತನಕ ಸೆರಗು ಬಾಯಿಗೆ ತುರುಕ್ಕೊಂಡು ನಿಂತಿದ್ಲು."

ನನ್ನ ಸಿಟ್ಟು ಎಲ್ಲಿತ್ತೋ ಅಲ್ಲೇ ನಿಂತಿತು. ಕಾಟಮ್ಮ? ನೆರೆಯವರನ್ನೂ ಹೊಸ್ತಿಲು ದಾಟಿಸದ ಕಾಟಮ್ಮ, ಹಣ್ಣಾಗೋ ಹುಳದ ಮನೆಯ ಬಾಗಿಲು ತೆಗೆದು ಇವನನ್ನು ಒಳಗೆ ಬಿಟ್ಟಳೇ?

ನನ್ನ ಕೈಯಲ್ಲಿದ್ದ ಫೋನು ಆಗಲೇ ಹೊಡೆದುಕೊಂಡಿತು. ಅವಳೇ.

"ಕಾಟಮ್ಮಾ! ಏನು ಮಾಡಿದಿ ನೀನು? ಯಾಕ ತಗದಿ ಬಾಗಿಲು?"

"ಒಪ್ಕಂಡ್ರೆ ಮಗಳ್ನ ಬುಡ್ತೀವಿ ಅಂದಿದ್ರು ಕಣಮ್ಮ." ಅವಳ ಧ್ವನಿ ಒಡೆದಿತ್ತು. "ಕಳ್ಳಿ ಅಂತ ಬರ್ಕೊಂಡು ಹೋಗ್ಲಿ, ಸಾಯಂಕಾಲದ ಬಸ್ಸಿಗೆ ಜೀವ ಸಹಿತ ಕಳಿಸ್ತೀವಿ ಅಂದಿದ್ರು. ಹೋದ್ರೆ ಮಾನ ಹೋಗ್ಲಿ, ಹುಳ ಸತ್ರೆ ಸಾಯ್ಲಿ, ಮಗಳು ಬರ್ತಾಳಲ್ಲ ಅಂದ್ಕಂಡೆ. ಬುಟ್ಬುಡು ಅಂತ ನಿಂಗೆ ಎಷ್ಟು ಹೇಳ್ದೆ! ಯಾಕಮ್ಮ ಹಟ ಹಿಡಿದೆ? ಯಾಕೆ ಸಾಬೀತು ಮಾಡ್ದೆ?"

ಬೆಳಿಗ್ಗೆ ನಾನು ಆಡಿದ ಮಾತೆಲ್ಲ ನೆನಪಾಯಿತು. ಹೊಟ್ಟೆಯಲ್ಲಿ ಕಲ್ಲಿದೆಯಾ ಅಂತ ಕೇಳಿದ್ದೆ ಅವಳನ್ನ.

"ಕಾಟಮ್ಮ, ಸಾಬೀತಾಗಿದ್ದು ನಿನಗ್ಯಾರು ಹೇಳಿದ್ರು? ಈಗಿನ್ನೂ ಈ ಕೋಣ್ಯಾಗ ಆಗಿದ್ದು."

"ನಮ್ಮ ಯಜಮಾನ್ರ ಪೋನಿಗೆ ಮಾಡವ್ರೆ. ಅವ್ಳ ಕೈಲೇ ಮಾತಾಡಿಸ್ತಾವ್ರೆ. 'ಅವ್ವಾ, ಮಾತು ತಪ್ಪಿದ್ರಂತಲ್ಲ' ಅಂತಾವ್ಳೆ ನನ್ನ ಕಂದ." ಬಿಕ್ಕಿದಳು. "ಅವ್ನು ಗಿರೀಶ ನೆಲದ ಮೇಲೆ ತಲೆ ಹಿಡ್ಕಂಡು ಕೂತವ್ನಂತಲ್ಲ. ಅದ್ನೂ ಹೇಳ್ತಾವ್ಳೆ."

ಗಿರೀಶ್ ಇನ್ನೂ ಹಾಗೇ ಕೂತಿದ್ದ.

ನಾನು ಸುತ್ತ ನೋಡಿದೆ. ಬಾಗಿಲಿಗೆ ಚಿಲಕ. ಕಿಟಕಿಯ ಗಾಜಿಗೆ ಬಣ್ಣ. ಗೋವರ್ಧನನ ಫೋನು, ಗಿರೀಶನ ಫೋನು, ಓಬುಲೇಶರ ಫೋನು, ಮೂರೂ ಟೇಬಲ್ಲಿನ ಮೇಲೆ ಕಪ್ಪಗೆ ಮಲಗಿದ್ದವು. ಅವುಗಳ ಹಿಂದೆ ಎರಡೂ ತೋಳು ಚಾಚಿದ ಹಾಗೆ ನಮ್ಮ ನಾಲ್ವರ ಕಡೆಗೂ ಬಾಗಿಕೊಂಡು ನಿಂತಿತ್ತು ಆ ಪರದೆ. ಮೇಲಂಚಿನಲ್ಲಿ ಹೆಬ್ಬೆರಳಿನಷ್ಟು ಕ್ಯಾಮೆರಾ ಎದ್ದು ನಿಂತಿತ್ತು. ಒತ್ತಿದರೆ ಮಾತ್ರ ಮೇಲೇಳುವ ಕ್ಯಾಮೆರಾ ಅದು, ಅದರ ಪಕ್ಕದ ಪುಟ್ಟ ದೀಪ ಉರಿಯುತ್ತಿತ್ತು. ಗೋವರ್ಧನ ಆ ಮೇಲಂಚನ್ನು ಸವರಿ ಒತ್ತಿದ್ದು ನೆನಪಾಯಿತು. ಸತ್ತ ಆ ಅರ್ಧದ ಕಪ್ಪಿನಲ್ಲಿ ಯಾವ ವಿಡಿಯೋ ಕಾಲ್ ತೆರೆದಿದೆ, ಯಾರ ಮುಖ ಇದೆ, ನಮಗೆ ಯಾರಿಗೂ ಕಾಣುವಂತಿರಲಿಲ್ಲ.

ಗೋವರ್ಧನ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

ಓಬುಲೇಶರಿಗೂ ಅರ್ಥವಾಯಿತು. "ಲಂಜಾ ಕೊ..." ಅಂತ ಹಲ್ಲು ಕಡಿಯುತ್ತ ಅವರು ಪ್ಲಗ್ಗಿಗೆ ಕೈ ಹಾಕಿದರು. ನಾನು ಹಾರಿ ಅವರ ಮುಂಗೈ ಹಿಡಿದುಕೊಂಡೆ. ಬೇಡ ಅಂತ ತಲೆಯಾಡಿಸಿದೆ, ಒಂದು ಮಾತೂ ಆಡದೆ. ವೈರು ಕಿತ್ತರೆ ಹುಡುಗಿಯನ್ನು ಹಿಡಿದಿಟ್ಟವರಿಗೆ ನಾವು ಕಾಣುವುದಿಲ್ಲ, ನಿಜ. ಆದರೆ ಆ ಕಡೆ ಕೂತ ಹುಡುಗಿಗೆ ಮರುಗಳಿಗೆ ಏನಾಗುತ್ತದೆ?

ಕಿವಿಗೆ ಒತ್ತಿದ ಫೋನಿನಲ್ಲಿ ಕಾಟಮ್ಮನ ಉಸಿರು. ಅವಳ ಹಿಂದೆ, ಇನ್ನೊಂದು ಫೋನಿನಿಂದ, ತೆಳ್ಳಗೆ, ಅವಸರವಾಗಿ ಏನೋ ಹೇಳುತ್ತಿರುವ ಹೆಣ್ಣು ಧ್ವನಿ.

"ರೇವತಮ್ಮಾ," ಅಂದಳು ಕಾಟಮ್ಮ. "ಪೊಲೀಸ್ನೋರ ಕೈ ಹಿಡ್ಕಂಡಿದ್ದೀಯಂತಲ್ಲ ತಾಯಿ. ಬುಡಬೇಡ, ಗಟ್ಟಿಯಾಗಿ ಹಿಡ್ಕ ಅಂತಾವ್ಳೆ ನನ್ನ ಮಗಳು."